ಇಮಾಮಣ್ಣನ ಕಣ್ಣು

ಒಂದು ಪೇಟೆಯ ಅಂಚಿನಲ್ಲಿ ಮರ ಕೊಯ್ಯುವ ಮಿಲ್ಲೊಂದಿತ್ತು. ಅಲ್ಲಿ ಗುತ್ಯಮ್ಮ ಅನ್ನುವ ಹೆಂಗಸು ದಿಮ್ಮಿಗಳ ತೊಗಟೆ ಸುಲಿಯುತ್ತಿದ್ದಳು. ಹದಿನೆಂಟು ವರ್ಷದಿಂದ ಅದೇ ಕೆಲಸ, ಅದೇ ಕತ್ತಿ. ಕತ್ತಿ ಸವೆದು ಅರ್ಧವಾಗಿತ್ತು. ಗುತ್ಯಮ್ಮನೂ ಹೆಚ್ಚುಕಮ್ಮಿ ಹಾಗೇ ಆಗಿದ್ದಳು.

ಆ ಮಿಲ್ಲಿಗೆ ಬರುತ್ತಿದ್ದದ್ದು ಕಾಡಿನ ಮರವಲ್ಲ. ರಸ್ತೆ ಅಗಲ ಮಾಡುವಾಗ ಕಡಿದುಹಾಕಿದ ಸಾಲುಮರಗಳು. ಸಾಲುಮರವನ್ನು ನಮ್ಮ ಜನ ಸುಮ್ಮನೆ ಬಿಡ್ತಾರಾ? ಟ್ಯೂಷನ್ ಬೋರ್ಡು, ಚುನಾವಣೆ ಬೋರ್ಡು, ಮೂಲವ್ಯಾಧಿ ಔಷಧಿ ಬೋರ್ಡು, ಎಲ್ಲಕ್ಕೂ ಒಂದೊಂದು ಮೊಳೆ. ಬೋರ್ಡು ಒಂದು ದಿನ ಬಿದ್ದುಹೋಗುತ್ತದೆ, ಮೊಳೆ ಒಳಗೇ ಉಳಿಯುತ್ತದೆ. ಮರ ಪಾಪ, ಅದರ ಮೇಲೆ ತೊಗಟೆ ಬೆಳೆಸಿಕೊಂಡು ಸುಮ್ಮನಿರುತ್ತದೆ. ಆದರೆ ಗರಗಸ ಸುಮ್ಮನಿರುವುದಿಲ್ಲ. ಓಡುವ ಗರಗಸದ ಪಟ್ಟಿಗೆ ಒಳಗಿನ ಕಬ್ಬಿಣ ತಾಗಿದರೆ ಪಟ್ಟಿ ತುಂಡಾಗಿ, ಎದುರಿಗೆ ನಿಂತವನ ಮೈಮೇಲೆ ಹಾರುತ್ತದೆ.

ಒಳಗಿನ ಕಬ್ಬಿಣ ಹೊರಗೆ ತೋರುವುದು ಸ್ವಲ್ಪವೇ ಹೊತ್ತು. ಹಸಿ ತೊಗಟೆ ಸುಲಿದ ಕೂಡಲೇ ಆ ಜಾಗದಲ್ಲಿ ಮಸಿ ಚೆಲ್ಲಿದ ಹಾಗೆ ನೀಲಿಗಪ್ಪು ಕಲೆಯೊಂದು ಕಾಣುತ್ತದೆ. ಒಂದು ತಾಸು ಬಿಸಿಲು ಬಿದ್ದರೆ ದಿಮ್ಮಿಯೆಲ್ಲ ಒಂದೇ ಬಣ್ಣವಾಗಿಬಿಡುತ್ತದೆ. ಆಮೇಲೆ ಆ ಬ್ರಹ್ಮ ಬಂದರೂ ಗುರುತು ಹಿಡಿಯಲಾರ. ಗುತ್ಯಮ್ಮ ಆ ಕಲೆಯ ಅಗಲ ನೋಡಿ, ಒಳಗಿರುವುದು ಮೊಳೆಯೋ ತಂತಿಯೋ, ಎಷ್ಟು ಆಳದಲ್ಲಿದೆಯೋ ಹೇಳಿಬಿಡುತ್ತಿದ್ದಳು. ಹೇಳುತ್ತಿದ್ದಳು ನಿಜ. ಕೇಳುವವರು ಬೇಕಲ್ಲ!

ಮಿಲ್ಲಿನ ಮ್ಯಾನೇಜರ್ ವಾಗೀಶ. ಕೆಟ್ಟವನಲ್ಲ ಮಾರಾಯ್ರೇ, ತೊಂದರೆ ಇದ್ದದ್ದೇ ಅಲ್ಲಿ. ಬೈಯುವವನಾಗಿದ್ದರೆ ತಿರುಗಿ ಬೈದು ಹೊಟ್ಟೆ ತಣ್ಣಗೆ ಮಾಡಿಕೊಳ್ಳಬಹುದಿತ್ತು. ಇವನು ಹೆಂಗಸರನ್ನೆಲ್ಲ 'ಅಮ್ಮಾ' ಅಂತಲೇ ಕರೆಯುತ್ತಿದ್ದ. ಗುತ್ಯಮ್ಮ ಹೋಗಿ, "ಸಾರ್, ಆ ದಿಮ್ಮಿ ಒಳಗೆ ಕಬ್ಬಿಣ ಇದೆ" ಅಂದರೆ, "ಆಯ್ತಮ್ಮಾ, ನೋಡೋಣಮ್ಮಾ" ಅನ್ನುವನು. ಕಣ್ಣು ಮೊಬೈಲಿನ ಮೇಲೇ ಇರುತ್ತಿತ್ತು. ದಿಮ್ಮಿ ನೆಟ್ಟಗೆ ಗರಗಸಕ್ಕೆ ಹೋಗುತ್ತಿತ್ತು. ಪಟ್ಟಿಗೆ ಕಬ್ಬಿಣ ತಾಗದೇ ಹೋದದ್ದು ಪುಣ್ಯ. ಒಂದು ಸಲ ಅವಳೇ ಸುಣ್ಣದಲ್ಲಿ ಗುರುತು ಹಾಕಿದಳು. "ಗುರುತು ಹಾಕೋದು ತಿಳಿದವರ ಕೆಲಸ ಅಮ್ಮಾ, ನೀವ್ಯಾಕೆ ತಲೆ ಕೆಡಿಸ್ಕೊಳ್ತೀರಿ" ಅಂತ ನಗುನಗುತ್ತಾ ಒರೆಸಿ ಹಾಕಿಸಿದ.

ಅವಳ ಮಾತನ್ನು ಕಿವಿಗೆ ಹಾಕಿಕೊಂಡವನು ಒಬ್ಬನೇ, ಗರಗಸ ನಡೆಸುವ ಇಮಾಮಣ್ಣ. ಒಂದು ದಿನ ಅವಳು ಬೆರಳಿಟ್ಟು ತೋರಿಸಿದ ಜಾಗಕ್ಕೆ ಉಳಿ ಹಾಕಿ ಕೆತ್ತಿದ. ಗೇಣುದ್ದದ ತುಕ್ಕು ಹಿಡಿದ ಮೊಳೆ ಹೊರಗೆ ಬಂತು. ಇಮಾಮಣ್ಣ ಅದನ್ನು ಅಂಗೈಯಲ್ಲಿಟ್ಟುಕೊಂಡು ಅಲ್ಲೇ ಕುಕ್ಕರಿಸಿಬಿಟ್ಟ.

"ಯಾ ಅಲ್ಲಾ! ಅಕ್ಕಾ, ಇವತ್ತು ನೀನು ಹೇಳದೇ ಹೋಗಿದ್ರೆ ನನ್ನ ಮಕ್ಕಳ ಗತಿ?"

ಅವನು ನೇರವಾಗಿ ವಾಗೀಶನ ಹತ್ತಿರ ಹೋದ. "ಸಾರ್, ಗುತ್ಯಕ್ಕ ಹೇಳ್ತಿದಾಳೆ, ಇನ್ನೊಂದು ದಿಮ್ಮಿ ಒಳಗೂ ಇದೆಯಂತೆ. ಮೋಟಾರ್ ನಿಲ್ಲಿಸಿ."

ವಾಗೀಶ ನಕ್ಕ. "ಏನ್ ಇಮಾಮಣ್ಣ, ತೊಗಟೆ ಸುಲಿಯೋರ ಮಾತು ಕೇಳ್ಕೊಂಡು ಮೋಟಾರ್ ನಿಲ್ಲಿಸ್ತಾ ಕೂತ್ರೆ ಮಿಲ್ ನಡೆದ ಹಾಗೇ!"

ಇಮಾಮಣ್ಣ ತಲೆ ಕೆರೆದುಕೊಂಡು ಹೊರಗೆ ಬಂದ. ಒಂದು ಬೀಡಿ ಸೇದುವಷ್ಟು ಹೊತ್ತು ಯೋಚಿಸಿದ. ತಿರುಗಿ ಒಳಗೆ ಹೋಗಿ, "ಸಾರ್, ಆ ದಿಮ್ಮಿ ಮೇಲೆ ನಂಗೇ ಯಾಕೋ ಅನುಮಾನ" ಅಂದ. ಅದೇ ಕ್ಷಣ ಮೋಟಾರ್ ನಿಂತಿತು.

ಅವತ್ತಿನಿಂದ ವರ್ಷಗಟ್ಟಲೆ ಅದೇ ರೂಢಿ. ಗುತ್ಯಮ್ಮ ಕಲೆ ನೋಡುವುದು, ಸದ್ದಿಲ್ಲದೆ ಹೋಗಿ ಇಮಾಮಣ್ಣನಿಗೆ ಹೇಳುವುದು. ಇಮಾಮಣ್ಣ ತನಗೇ ಅನುಮಾನ ಬಂತು ಅನ್ನುವುದು. ಮೊಳೆಗಳು ಬಕೆಟ್ಟುಗಟ್ಟಲೆ ಸಿಕ್ಕವು. 'ಇಮಾಮಣ್ಣನ ಕಣ್ಣು' ಅನ್ನುವ ಮಾತು ಪೇಟೆಯಲ್ಲೆಲ್ಲ ಹರಡಿತು. ಬೇರೆ ಮಿಲ್ಲಿನವರೂ ಬಂದು ಅವನನ್ನು ನೋಡಿ ಹೋದರು. ಮಿಲ್ಲಿನ ಧಣಿಗಳು ಒಂದು ಶಾಲು ಹೊದಿಸಿದರು. ಶಾಲಿನೊಳಗೆ ಇಮಾಮಣ್ಣ ಚೇಳು ಕಡಿದವನ ಹಾಗೆ ಒದ್ದಾಡಿದ.

"ಇದು ಸರಿಯಲ್ಲಕ್ಕಾ. ನೋಡೋಳು ನೀನು, ಹೆಸರು ನಂದು."

"ಹೆಸರು ತಗೊಂಡು ಉಪ್ಪಿನಕಾಯಿ ಹಾಕ್ಲಾ ನಾನು? ನಿನ್ನ ಕೈಕಾಲು ನೆಟ್ಟಗಿದ್ರೆ ಸಾಕು, ಹೋಗಣ್ಣ" ಅಂದಳು ಗುತ್ಯಮ್ಮ. ಬಾಯಲ್ಲಿ ಹಾಗಂದಳು. ಶಾಲು ಹೊದಿಸಿದಾಗ ಎಲ್ಲರ ಜೊತೆ ಚಪ್ಪಾಳೆಯನ್ನೂ ತಟ್ಟಿದ್ದಳು. ಆದರೆ ಎದೆಯಲ್ಲಿ ಏನೋ ಚುಳ್ ಅಂದಿತ್ತು. ಥೂ, ಈ ವಯಸ್ಸಲ್ಲಿ ನಂಗ್ಯಾಕೆ ಶಾಲಿನ ಆಸೆ ಅಂತ ತನ್ನನ್ನೇ ಬೈದುಕೊಂಡಳು.

ಮುಂದೆ ಮಹಿಳಾ ದಿನಾಚರಣೆ ಬಂತು. ಮಿಲ್ಲಿನಲ್ಲಿ ಶಾಮಿಯಾನ ಹಾಕಿಸಿದರು. ಹೆಂಗಸರಿಗೆಲ್ಲ ಒಂದೊಂದು ಸ್ಟೀಲ್ ಡಬ್ಬಿ ಕೊಟ್ಟರು. ವಾಗೀಶ ಮೈಕ್ ಹಿಡಿದು, "ಈ ತಾಯಂದಿರೇ ನಮ್ಮ ಮಿಲ್ಲಿನ ಶಕ್ತಿ, ಇವರ ಮಾತೇ ನಮಗೆ ದಾರಿ" ಅಂತ ಅರ್ಧ ಗಂಟೆ ಮಾತಾಡಿದ. ತಾಯಂದಿರಲ್ಲಿ ಒಬ್ಬಳಿಗೂ ಮೈಕ್ ಕೊಡಲಿಲ್ಲ, ಅದು ಬೇರೆ ವಿಷಯ. ಇಮಾಮಣ್ಣ ಹಿಂದಿನ ಸಾಲಿನಲ್ಲಿ ಎದ್ದು ನಿಂತ. ಇವತ್ತು ಎಲ್ಲರೆದುರು ಹೇಳೇಬಿಡ್ತೀನಿ ಅನ್ನುವುದು ಅವನ ಮುಖದಲ್ಲೇ ಇತ್ತು. ಗುತ್ಯಮ್ಮ ದೂರದಿಂದಲೇ ಬೇಡ ಅಂತ ಕೈ ಆಡಿಸಿದಳು. ಅವನು ಕೂತುಬಿಟ್ಟ.

"ಯಾಕಕ್ಕಾ ತಡೆದೆ?"

"ಅದು ನನ್ನ ಮಾತು ಅಂತ ಗೊತ್ತಾದ್ರೆ ನಾಳೆಯಿಂದ ನೀನು ಹೇಳಿದ್ದನ್ನೂ ಕೇಳಲ್ಲ ಅಣ್ಣ. ಈಗ ಹೆಂಗೋ ನಡೀತಿದೆ. ನಡೀಲಿ ಬಿಡು."

ಅಯ್ಯೋ ಗುತ್ಯಮ್ಮಾ! ಅವತ್ತು ಅವನನ್ನು ತಡೆಯದೇ ಇದ್ದಿದ್ದರೆ ಆಗುತ್ತಿತ್ತಲ್ಲ ತಾಯಿ.

ಅದೇ ವಾರ ಮಿಲ್ಲಿನಲ್ಲಿ ಹೊಸ ನಿಯಮ ಬಂತು. ಹೆಂಗಸರ ಸೆರಗು ಬೆಲ್ಟಿಗೆ ಸಿಕ್ಕಿ ಅನಾಹುತ ಆಗಬಾರದು ಅಂತ ಗರಗಸದ ಶೆಡ್ಡಿನ ಸುತ್ತ ಹಳದಿ ಗೆರೆ ಎಳೆಸಿದರು. ಹೆಂಗಸರು ಯಾರೂ ಅದನ್ನು ದಾಟುವ ಹಾಗಿಲ್ಲ. ಏನೇ ಇದ್ದರೂ ವಾಗೀಶನಿಗೆ ಹೇಳಬೇಕು, ಅವನು ಮುಂದಕ್ಕೆ ಹೇಳುತ್ತಾನೆ. ಸೆರಗಿನ ಭಯ ಸುಳ್ಳಲ್ಲ, ಗೆರೆ ಎಳೆದದ್ದೂ ತಪ್ಪಲ್ಲ ಅನ್ನಿ. ಆದರೆ ಎಳೆಯುವ ಮೊದಲು ಒಬ್ಬ ಹೆಂಗಸನ್ನಾದರೂ ಕೇಳಿದರಾ? ಗುತ್ಯಮ್ಮ ಇಮಾಮಣ್ಣನ ಹತ್ತಿರ ಹೋಗುವ ದಾರಿ ಅಲ್ಲಿಗೆ ಮುಚ್ಚಿತು. ಚಹಾ ಕುಡಿಯಲು ಅವನೇ ಹೊರಗೆ ಬಂದಾಗ ಹೇಳುತ್ತಿದ್ದಳು. ಸುಲಿದ ದಿಮ್ಮಿ ಎರಡು ದಿನ ಅಂಗಳದಲ್ಲಿ ಬಿದ್ದಿರುತ್ತಿದ್ದುದರಿಂದ ಅದೂ ಹೇಗೋ ನಡೆಯಿತು.

ಒಂದು ಮಂಗಳವಾರ ದೊಡ್ಡ ನೇರಳೆ ಮರದ ದಿಮ್ಮಿ ಬಂತು. ಯಾವುದೋ ಕಲ್ಯಾಣ ಮಂಟಪದ ಬಾಗಿಲಿಗೆ ಅಂತೆ. ಲಾರಿ ಕಾಯುತ್ತಿತ್ತು. "ಬೇಗ ಬೇಗ ಸುಲೀರಮ್ಮಾ, ಇವತ್ತೇ ಕೊಯ್ಯಬೇಕು" ಅಂತ ವಾಗೀಶ ಅವಸರ ಮಾಡಿದ. ಗುತ್ಯಮ್ಮ ಕೊನೆಯ ತೊಗಟೆ ಎಳೆದಳು.  ದಿಮ್ಮಿಯ ಕೆಳಮಗ್ಗುಲಲ್ಲಿ ಊಟದ ತಟ್ಟೆಯಷ್ಟು ಅಗಲದ ಕಪ್ಪು ಕಲೆ. ಮೊಳೆಯಲ್ಲ ಅದು, ಯಾವುದೋ ಕಾಲದ ಕಬ್ಬಿಣದ ಕೊಂಡಿ. ಹದಿನೆಂಟು ವರ್ಷದಲ್ಲಿ ಅಂಥದ್ದನ್ನು ಅವಳು ನೋಡಿರಲಿಲ್ಲ.

ಅವಳು ಕತ್ತಿ ಬಿಸಾಕಿ ಆಫೀಸಿಗೆ ಓಡಿದಳು. "ಸಾರ್, ಆ ನೇರಳೆ ದಿಮ್ಮಿ ಗರಗಸಕ್ಕೆ ಹಾಕ್ಬೇಡಿ. ಒಳಗೆ ದೊಡ್ಡ ಕಬ್ಬಿಣ ಇದೆ."

"ಇಮಾಮಣ್ಣ ಇದ್ದಾನಲ್ಲಮ್ಮಾ, ನೋಡ್ಕೊಳ್ತಾನೆ."

"ಅವರಿಗೆ ಗೊತ್ತಿಲ್ಲ ಸಾರ್. ಒಂದೇ ಒಂದು ಸಲ ಬಂದು ನೋಡಿ."

ವಾಗೀಶ ತಲೆ ಎತ್ತಿದ. ಪ್ರೀತಿಯಿಂದಲೇ ನಕ್ಕ. "ಅಲ್ಲಮ್ಮಾ, ಇಮಾಮಣ್ಣನ ಕಣ್ಣಿಗೆ ಬೀಳದೇ ಇರೋದು ನಿಮ್ಮ ಕಣ್ಣಿಗೆ ಬಿತ್ತಾ?"

ಗುತ್ಯಮ್ಮ ಅಷ್ಟು ವರ್ಷ ತಾನೇ ಕೈಯಾರೆ ಕಟ್ಟಿ ಬೆಳೆಸಿದ ಹೆಸರು ಈಗ ಅವಳಿಗೇ ಅಡ್ಡ ನಿಂತಿತ್ತು.

"ಆ ಕಣ್ಣು ನಂದು ಸಾರ್! ಇಷ್ಟು ವರ್ಷ ಹೇಳಿದ್ದೆಲ್ಲ ನಾನೇ! ಅವರು ನನ್ನ ಮಾತನ್ನೇ ನಿಮಗೆ ಹೇಳ್ತಿದ್ದಿದ್ದು!" ಅವಳ ದನಿ ಕೀರಲಾಗಿತ್ತು.

"ಸಮಾಧಾನ ಅಮ್ಮಾ, ಸಮಾಧಾನ. ಮೊದಲು ಒಂಚೂರು ನೀರು ಕುಡೀರಿ" ಅಂದ ವಾಗೀಶ.

ಅಷ್ಟರಲ್ಲಿ ಮೋಟಾರಿನ ಸದ್ದು ಏರಿತು. ಗುತ್ಯಮ್ಮ ನೀರಿನ ಲೋಟ ತಳ್ಳಿ ಶೆಡ್ಡಿನ ಕಡೆ ಓಡಿದಳು. "ಇಮಾಮಣ್ಣಾ! ಇಮಾಮಣ್ಣಾ!" ಗರಗಸದ ಅಬ್ಬರದಲ್ಲಿ ಅವಳ ಕೂಗು ಅವಳಿಗೇ ಕೇಳಿಸಲಿಲ್ಲ. ಇಮಾಮಣ್ಣ ಬೆನ್ನು ತಿರುಗಿಸಿ ನಿಂತಿದ್ದ. ಅವಳು ಹಳದಿ ಗೆರೆ ದಾಟಿದಳು. ಕಾವಲುಗಾರ ಓಡಿಬಂದು ಎರಡೂ ರಟ್ಟೆ ಹಿಡಿದು ಹಿಂದಕ್ಕೆಳೆದ. "ಏನಮ್ಮಾ, ಗೆರೆ ಕಾಣಲ್ವಾ? ಸೆರಗು ಸಿಕ್ಕಿದ್ರೆ ಜೀವ ಹೋಗತ್ತೆ!"

ಅವನ ಹಿಡಿತದಲ್ಲಿ ನಿಂತೇ ಅವಳು ಎಲ್ಲವನ್ನೂ ನೋಡಿದಳು.

ಇಮಾಮಣ್ಣನ ಜೀವ ಉಳಿಯಿತು. ಬಲಗೈ ಮೊಣಕೈಯಿಂದ ಕೆಳಗೆ ಹೋಯಿತು.

ಮಾರನೇ ದಿನ ಧಣಿಗಳು ಬಂದರು. ನಿಜವಾಗಿಯೂ ಅವರ ಕಣ್ಣಲ್ಲಿ ನೀರಿತ್ತು. "ಇಷ್ಟು ಜನ ಇದ್ದೀರಿ, ಒಬ್ಬರಿಗೂ ಗೊತ್ತಾಗಲಿಲ್ವಾ? ಒಬ್ಬರೂ ಹೇಳಲಿಲ್ವಾ?"

ವಾಗೀಶ ಮೆತ್ತಗೆ ಅಂದ: "ಗುತ್ಯಮ್ಮ ಬಂದು ಏನೋ ಕೂಗಾಡಿದ್ರು ಸಾರ್. ಏನು ಅಂತ ಸರಿಯಾಗಿ ಹೇಳಲಿಲ್ಲ. ಸಮಾಧಾನವಾಗಿ ಬಿಡಿಸಿ ಹೇಳಿದ್ರೆ ನಾನು ಕೇಳ್ತಿರಲಿಲ್ವಾ?"

ಇನ್ನೂ ಸಂಕಟ ಏನು ಗೊತ್ತಾ? ಅವನು ಸುಳ್ಳು ಹೇಳಲಿಲ್ಲ. ಅವನಿಗೆ ನೆನಪಿದ್ದದ್ದು ಅಷ್ಟೇ. ಕೀರಲು ದನಿ ನೆನಪಿತ್ತು. ಮಾತು ಮಾತ್ರ ಅವನ ತಲೆಗೆ ಹೋಗಿರಲೇ ಇಲ್ಲ.

ಆಸ್ಪತ್ರೆಯಲ್ಲಿ ಇಮಾಮಣ್ಣ ನೋಡಲು ಬಂದವರಿಗೆಲ್ಲ ಹೇಳಿದ. "ಆ ಕಣ್ಣು ನಂದಲ್ಲ, ಗುತ್ಯಕ್ಕಂದು. ಎಲ್ಲಾ ಅವಳೇ ನೋಡಿದ್ದು." ಬಂದವರು ಹೌದು ಹೌದು ಅಂತ ತಲೆಯಾಡಿಸಿದರು. ಹೊರಗೆ ಬಂದು, "ಪಾಪ, ಎಂಥ ದೊಡ್ಡ ಮನಸ್ಸು ನೋಡಿ. ಕೈ ಹೋದ ನೋವಲ್ಲೂ ಆಯಮ್ಮನ ಕೆಲಸ ಉಳಿಸೋಕೆ ನೋಡ್ತಿದಾನೆ" ಅಂದರು. ಅಲ್ಲೂ ಹೊಗಳಿಕೆ ಅವನಿಗೇ ಹೋಯಿತು.

ಗುತ್ಯಮ್ಮ ಮಂಚದ ಹತ್ತಿರ ನಿಂತಿದ್ದಳು. ಇಮಾಮಣ್ಣನ ಹೆಂಡತಿ ಬೀಬಿಜಾನ್ ಅವಳ ಮುಖ ನೋಡಿ ಕೇಳಿದಳು. "ನಿಂಗೆ ಮೊದಲೇ ಗೊತ್ತಿತ್ತಂತೆ. ಯಾಕಕ್ಕಾ ಹೇಳಲಿಲ್ಲ?"

ಗುತ್ಯಮ್ಮ ಸ್ಟೀಲ್ ಡಬ್ಬಿಯಲ್ಲಿ ತಂದಿದ್ದ ಗಂಜಿಯನ್ನು ಮಂಚದ ಕೆಳಗಿಟ್ಟು ಬಂದುಬಿಟ್ಟಳು. ಬಸ್ಸಿನಲ್ಲಿ ಕೂತು ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

ತಿಂಗಳಾಯಿತು. ಮಿಲ್ಲು ಮತ್ತೆ ಶುರುವಾಯಿತು. ಗರಗಸಕ್ಕೆ ಹೊಸಬ ಬಂದ, ಬಿಪುಲ್ ಅಂತ, ಅಸ್ಸಾಂ ಕಡೆಯವನು. ಅವನಿಗೆ ಬರುತ್ತಿದ್ದ ಕನ್ನಡ ಇಷ್ಟೇ: "ಊಟ ಆಯ್ತಾ?" ದಿನಕ್ಕೆ ನಾಲ್ಕು ಸಲ ಗುತ್ಯಮ್ಮನಿಗೆ ಅದನ್ನೇ ಹೇಳಿ ನಗುತ್ತಿದ್ದ.

ಇನ್ನೊಂದು ಅನಾಹುತ ಆಗಬಾರದು ಅಂತ ಧಣಿಗಳು ದೊಡ್ಡ ಮನಸ್ಸು ಮಾಡಿ ಒಬ್ಬ ತಪಾಸಣೆಯವನನ್ನೂ ನೇಮಿಸಿದರು. ಇಸ್ತ್ರಿ ಶರ್ಟು, ಕೊರಳಲ್ಲಿ ಗುರುತಿನ ಕಾರ್ಡು. ದಿಮ್ಮಿಗಳಲ್ಲಿ ಕಬ್ಬಿಣ ಪತ್ತೆ ಮಾಡುವುದು ಅವನ ಕೆಲಸ. ಮೊದಲ ದಿನ ಅವನು ಅಂಗಳಕ್ಕೆ ಬಂದು, ಆ ಕಡೆ ಈ ಕಡೆ ನೋಡಿ, ಗುತ್ಯಮ್ಮನ ಪಕ್ಕ ಕುಕ್ಕರಗಾಲಲ್ಲಿ ಕೂತ.

"ಅಮ್ಮಾ, ನಿಮಗೆ ಒಂದಿಷ್ಟು ಗೊತ್ತಾಗತ್ತಂತೆ. ಇದರಲ್ಲಿ ಎಲ್ಲಿದೆ, ತೋರ್ಸಿಬಿಡಿ."

ಅವಳ ಮುಂದೆ ಆಗಷ್ಟೇ ಸುಲಿದ ದಿಮ್ಮಿ ಇತ್ತು. ನಡುವೆ ಕಾಸಗಲದ ಕಪ್ಪು ಕಲೆ.

ಹೇಳಬಾರದು ಅನ್ನಿಸಿತು ಅವಳಿಗೆ. ದೇವರಾಣೆ ಹೇಳಬಾರದು ಅನ್ನಿಸಿತು. ಹಾಳಾಗಿ ಹೋಗಲಿ ಈ ಮಿಲ್ಲು, ಈ ಕಣ್ಣು, ಈ ಕಲೆ. ಎದ್ದು ಆಫೀಸಿಗೆ ಹೋಗಿ ನಾನೇ ಹೇಳ್ತೀನಿ ಅಂತಲೂ ಅನ್ನಿಸಿತು. ಹೋದರೆ ಏನು ಉತ್ತರ ಬರುತ್ತದೆ ಅಂತ ಅವಳಿಗೆ ಗೊತ್ತಿತ್ತು. ಗೆರೆಯಾಚೆ ಬಿಪುಲ್ ಕೈ ಎತ್ತಿ ಕೂಗಿದ, "ಊಟ ಆಯ್ತಾ?" ಎತ್ತಿದ್ದು ಬಲಗೈ.

ಗುತ್ಯಮ್ಮ ಕತ್ತಿಯ ತುದಿಯಿಂದ ಕಲೆ ತೋರಿಸಿದಳು.

ತಪಾಸಣೆಯವನು ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡ. ಆಫೀಸಿನ ಕಡೆ ತಿರುಗಿ ಕೂಗಿದ, "ಸಾರ್, ಮೋಟಾರ್ ನಿಲ್ಲಿಸಿ! ಒಂದು ಮೊಳೆ ಕಣ್ಣಿಗೆ ಬಿತ್ತು ನಂಗೆ!"

ಅದೇ ಕ್ಷಣ ಮೋಟಾರ್ ನಿಂತಿತು. ವಾಗೀಶ ಹೊರಗೆ ಬಂದು, "ಭಲೇ, ಮೊದಲನೇ ದಿನವೇ!" ಅಂತ ಅವನ ಬೆನ್ನು ತಟ್ಟಿದ. ಗುತ್ಯಮ್ಮ ಮುಂದಿನ ದಿಮ್ಮಿ ಎಳೆದುಕೊಂಡು ಸುಲಿಯಲು ಕೂತಳು.

ನೀತಿ: ಹೇಳಿದವರು ಯಾರು, ಯಾವ ದನಿಯಲ್ಲಿ ಹೇಳಿದರು ಅಂತ ಅಳೆಯುವ ಮೊದಲು ಹೇಳಿದ್ದೇನು ಅಂತ ಕೇಳಿಸಿಕೊಳ್ಳಿ. 'ಅಮ್ಮಾ' ಅಂತ ಕರೆದ ಮಾತ್ರಕ್ಕೆ ಕೇಳಿಸಿಕೊಂಡಂತೆ ಆಗುವುದಿಲ್ಲ. ಇನ್ನು, ಕೆಲಸ ಆದರೆ ಸಾಕು ಅಂತ ನಿಮ್ಮ ಮಾತನ್ನು ಇನ್ನೊಬ್ಬರ ಬಾಯಿಂದ ಹೇಳಿಸುವವರೇ, ಅದು ನಿಮ್ಮ ಬಾಯಿಂದಲೇ ಬರಬೇಕಾದ ದಿನ ನಿಮ್ಮನ್ನು ನಂಬುವವರು ಯಾರೂ ಇರುವುದಿಲ್ಲ. ಇದನ್ನು ಹತ್ತು ಜನಕ್ಕೆ ಕಳಿಸುವ ಮೊದಲು, ನಿನ್ನೆ ನಿಮ್ಮ ಕೆಲಸದ ಜಾಗದಲ್ಲಿ ಯಾರಿಗೆ "ಆಯ್ತಮ್ಮಾ, ನೋಡೋಣ" ಅಂದಿರಿ, ಅವರು ಹೇಳಲು ಬಂದದ್ದು ಏನು ಅಂತ ನೆನಪಿದೆಯಾ ನೋಡಿಕೊಳ್ಳಿ.