ಬೆಪ್ಪು ಬಂದರಿಗೆ ಹೋದ ಅಡಿವೆಪ್ಪ

ಈ ಕತೆ ಗದಗಿನಿಂದ ಹೊರಟು ಜಪಾನಿಗೆ ಹೋಗುತ್ತದೆ, ನಡುವೆ ಎಲ್ಲೂ ನಿಲ್ಲುವುದಿಲ್ಲ. ಕೂಡುವವರು ಈಗಲೇ ಕೂಡಿರಿ.

ಗದಗಿನ ಬೆಟಗೇರಿಯಲ್ಲಿ ಫಕೀರವ್ವ ಅಂತ ಒಬ್ಬಾಕೆ ರೊಟ್ಟಿ ಖಾನಾವಳಿ ನಡೆಸುತ್ತಿದ್ದಳು. ಆಕೆಗೆ ಒಬ್ಬನೇ ಮಗ, ಅಡಿವೆಪ್ಪ. ಮೂವತ್ತು ವರ್ಷದ ಎತ್ತರದ ಆಳು. ಜೋಳದ ಚೀಲವನ್ನು ಒಂದೇ ಹೆಗಲ ಮೇಲೆ ಹೊತ್ತು ಓಣಿ ದಾಟುವವನು. ಬುದ್ಧಿ ಮಾತ್ರ ಹೇಳಿದಷ್ಟೇ. ಹಾಲು ಉಕ್ಕೋದು ನೋಡು ಅಂದರೆ ಒಲೆ ಮುಂದೆ ಕೂತು, ಹಾಲು ಉಕ್ಕಿ ಒಲೆ ಆರುವವರೆಗೂ ನೋಡುವವನು. ನೋಡಿದ್ಯೇನಪಾ ಅಂದರೆ, ಚೆಂದಗೆ ಉಕ್ಕಿತವ್ವಾ ಅನ್ನುವವನು. ಓಣಿಯವರು ಅವನಿಗೆ ಬೆಪ್ಪ ಅನ್ನುತ್ತಿದ್ದರು. ಹೇಳಿ ಹೇಳಿ ಫಕೀರವ್ವನ ಬಾಯಿ ಸೋತಿತ್ತು. ಹೇಳುವ ಬಾಯಿ ಒಂದು ದಿನ ಮುಚ್ಚಿದರೆ ಇವನಿಗೆ ಯಾರು ಹೇಳುವವರು ಅನ್ನುವುದೊಂದೇ ಆಕೆಯ ಚಿಂತೆ.

ಹೀಗಿರುವಾಗ ರಸ್ತೆ ಅಗಲ ಮಾಡುತ್ತೇವೆಂದು ಖಾನಾವಳಿ ಕೆಡವಿದರು. ತಾಯಿ ಮಗ ಇಬ್ಬರೂ ಕೆಲಸವಿಲ್ಲದೆ ಕೂತರು. ಆಗ ಬಂದವನು ಕೊಟ್ರೇಶಿ. ಜನರನ್ನು ಪರದೇಶದ ಪ್ರವಾಸಕ್ಕೆ ಕರೆದುಕೊಂಡು ಹೋಗುವುದು ಅವನ ಉದ್ಯೋಗ. ಗದಗಿನ ಇಪ್ಪತ್ತೆರಡು ಮಂದಿ ಜಪಾನಿಗೆ ಹೊರಟಿದ್ದರು. ಅಲ್ಲಿಯ ಊಟ ಅವರಿಗೆ ಆಗುವುದಿಲ್ಲ, ಅಡುಗೆಯವರು ಜೊತೆಗೆ ಬೇಕು. ಮಗನನ್ನು ಬಿಟ್ಟು ಬರುವುದಿಲ್ಲ ಅಂದಳು ಫಕೀರವ್ವ. ಪಾತ್ರೆ ಹೊರಲು ಆಳು ಬೇಕೇ ಬೇಕಲ್ಲ ಅಂದುಕೊಂಡು ಕೊಟ್ರೇಶಿ ಒಪ್ಪಿದ. ಯಾವ ಯಾವ ಊರು ಅಂತ ಆಕೆ ಕೇಳಿದಾಗ, ಆರನೇ ದಿನ ಬೆಪ್ಪು ಅಂದ. ಫಕೀರವ್ವನ ಮುಖ ಸಣ್ಣದಾಯಿತು. ಓಣಿ ಅಂದಿದ್ದು ಸಾಕು, ನೀವೂ ಅನಬ್ಯಾಡ್ರಿ ಅಂದಳು. ಕೊಟ್ರೇಶಿ ನಕಾಶೆ ತೆಗೆದು, ಬೆಪ್ಪು ಅನ್ನುವುದು ಸಮುದ್ರದ ದಂಡೆಯ ಊರೇ ಹೌದು, ಅಲ್ಲಿ ನೆಲದಿಂದ ಬಿಸಿನೀರು ಬರುತ್ತದೆ ಅಂತ ತೋರಿಸಬೇಕಾಯಿತು. ಹಾಗೇ ಒಂದು ಕರಾರೂ ಹಾಕಿದ. ಮಗ ಒಮ್ಮೆ ತಪ್ಪಿದರೆ ತಡೆದುಕೊಳ್ಳುತ್ತೇನೆ, ಎರಡು ಸಲ ತಪ್ಪಿದರೆ ತಡೆದುಕೊಳ್ಳುತ್ತೇನೆ, ಮೂರನೆಯದಕ್ಕೆ ಇಬ್ಬರನ್ನೂ ವಿಮಾನ ಹತ್ತಿಸಿ ಊರಿಗೆ ಕಳಿಸುತ್ತೇನೆ.

ಐದು ದಿನ ಫಕೀರವ್ವ ಮಗನ ಅಂಗಿಯ ತುದಿ ಬಿಡಲಿಲ್ಲ. ಐದು ದಿನ ಏನೂ ಆಗಲಿಲ್ಲ. ಆರನೇ ದಿನ ಬೆಪ್ಪು ಬಂತು.

ಗುಡ್ಡದಿಂದ ಸಮುದ್ರಕ್ಕೆ ಇಳಿದ ಊರು ಅದು. ಚರಂಡಿ ಜಾಲರಿಯಿಂದ ಉಗಿ, ಮನೆಗಳ ಹಿತ್ತಲಿನಿಂದ ಉಗಿ, ಗುಡಿಯ ಮಗ್ಗುಲಿನಿಂದ ಉಗಿ. ಊರೆಲ್ಲ ಒಂದು ದೊಡ್ಡ ಅಡುಗೆಮನೆ ಇದ್ದ ಹಾಗೆ. ಆ ಊರಿನ ಹಾರುಮಿ ಅನ್ನುವ ಹೆಂಗಸು ಅವರಿಗೆ ಊರು ತೋರಿಸಲು ಬಂದಳು. ಆಕೆ ಇಂಗ್ಲಿಷಿನಲ್ಲಿ ಹೇಳುವುದು, ಕೊಟ್ರೇಶಿ ಅದನ್ನು ಕನ್ನಡದಲ್ಲಿ ಹೇಳುವುದು.

ಅಲ್ಲಿ ನೆಲದ ಉಗಿಯ ಮೇಲೆ ಕಲ್ಲಿನ ತೊಟ್ಟಿ ಕಟ್ಟಿದ್ದಾರೆ. ಅದರಲ್ಲಿ ಬುಟ್ಟಿ ಇಳಿಸಿ ಮರದ ಮುಚ್ಚಳ ಹಾಕಿದರೆ ಕಾಲು ಗಂಟೆಯಲ್ಲಿ ಗೆಣಸು ಬೇಯುತ್ತದೆ, ಮೆಕ್ಕೆಜೋಳ ಬೇಯುತ್ತದೆ, ಮೀನು ತಿನ್ನುವವರಿಗೆ ಮೀನೂ ಬೇಯುತ್ತದೆ. ಬೆಂಕಿ ಇಲ್ಲ, ಕಟ್ಟಿಗೆ ಇಲ್ಲ. ಫಕೀರವ್ವನಿಗೆ ಹಿಗ್ಗೋ ಹಿಗ್ಗು. ಗೆಣಸಿನ ಜೊತೆ ಕಡುಬನ್ನೂ ಬೇಯಲಿಟ್ಟಳು. ಚಟ್ನಿ ತರಲು ಬಸ್ಸಿಗೆ ಹೋಗುವಾಗ ಮಗನಿಗೆ ಹೇಳಿದಳು, "ಆ ಮುಚ್ಚಳದ ಮ್ಯಾಲೆ ಕಣ್ಣಿಟ್ಟಿರು. ನಾ ಬರೋತನಕ ತೆಗೀಬ್ಯಾಡ."

ಹೋಗಿ ಹತ್ತು ಹೆಜ್ಜೆ ಆಗಿತ್ತು. ಯಾಕೋ ಅನುಮಾನ ಬಂದು ತಿರುಗಿ ನೋಡಿದಳು. ಅಡಿವೆಪ್ಪ ತೊಟ್ಟಿಯ ಮೇಲೆ ಬಗ್ಗಿದ್ದ. ಮುಚ್ಚಳದ ಸಂದಿಯಿಂದ ಉಗಿ ಬುಸುಗುಡುತ್ತಿತ್ತು, ಇವನು ಕಣ್ಣನ್ನು ಮುಚ್ಚಳಕ್ಕೆ ಇಡಲು ಮುಖ ಇಳಿಸುತ್ತಿದ್ದ. ಚಟ್ನಿಯೂ ಬೇಡ ಏನೂ ಬೇಡ, ಓಡಿ ಬಂದು ಕಾಲರು ಹಿಡಿದು ಎಳೆದಳು. ಇನ್ನು ನಾಲ್ಕು ಬೆರಳು ಇಳಿದಿದ್ದರೆ ಕಣ್ಣು ಹೋಗುತ್ತಿತ್ತು. ಹುಬ್ಬು ಕೆಂಪಾಗಿತ್ತು ಅಷ್ಟೇ.

ಆಕೆ ಹಿಡಿದ ಕಾಲರು ಬಿಡದೆಯೇ ಬೈದಳು. ಬೈದ ಮೇಲೆ ಬುದ್ಧಿ ಹೇಳಿದಳು. ಈ ಊರಿನ ಉಗಿ ಬೆಂಕಿಗಿಂತ ಕೆಟ್ಟದ್ದು. ಉಗಿ ಕಂಡರೆ ದೂರ ಸರಿ. ಮಗ್ಗುಲಲ್ಲಿ ಯಾರಿದ್ದರೂ ಅವರನ್ನೂ ದೂರ ಎಳೆ.

ಅಡಿವೆಪ್ಪ ಹೂಂ ಅಂದ. ಕೊಟ್ರೇಶಿ ದೂರದಿಂದಲೇ ಒಂದು ಬೆರಳು ಎತ್ತಿ ತೋರಿಸಿದ.

ಉಂಡ ಮೇಲೆ ನರಕ ನೋಡಲು ಹೋದರು. ಆ ಊರಿನಲ್ಲಿ ಕುದಿಯುವ ಹೊಂಡಗಳಿಗೆ ನರಕ ಅಂತಲೇ ಹೆಸರು. ಒಂದರ ನೀರು ರಕ್ತದ ಹಾಗೆ ಕೆಂಪು, ಒಂದರದು ಸಮುದ್ರದ ಹಾಗೆ ನೀಲಿ. ಹಿಂದಿನ ಕಾಲದಲ್ಲಿ ಇದು ಶಾಪ ಹತ್ತಿದ ನೆಲವೆಂದು ಯಾರೂ ಕಾಲಿಡುತ್ತಿರಲಿಲ್ಲವಂತೆ. ಏಳುನೂರು ವರ್ಷದ ಹಿಂದೆ ಊರೂರು ತಿರುಗುವ ಸನ್ಯಾಸಿಯೊಬ್ಬ ಬಂದು, ಪ್ರಾರ್ಥನೆ ಮಾಡಿ ನರಕವನ್ನು ತಣ್ಣಗೆ ಮಾಡಿ, ಬೇನೆಯವರಿಗೆ ಉಗಿಯ ಮನೆ ಕಟ್ಟಿಸಿದ ಅಂತ ಕತೆ. ಹಾರುಮಿ ಅದನ್ನು ಹೇಳಿದಾಗ ಗದಗಿನವರು ನಮ್ಮ ಜಂಗಮರ ಹಾಗೇ ಅಂದುಕೊಂಡು ಕೈ ಮುಗಿದರು.

ಗುಂಪಿನಲ್ಲಿ ಕಲ್ಲಿನಾಥ ಮಾಸ್ತರರು ಅಂತ ಇದ್ದರು, ಇತಿಹಾಸ ಕಲಿಸಿ ನಿವೃತ್ತಿಯಾದವರು, ಎಪ್ಪತ್ತು ದಾಟಿದವರು. ಅವರು ನೀಲಿ ಹೊಂಡದ ಕಟಕಟೆಗೆ ಒರಗಿ ಫೋಟೋ ತೆಗೆಯುತ್ತಿದ್ದರು. ಗಾಳಿ ತಿರುಗಿತು, ಉಗಿ ಅವರನ್ನು ಮುಚ್ಚಿತು. ಅಡಿವೆಪ್ಪ ನೋಡಿದ. ಉಗಿ ಕಂಡಿತು, ಮಗ್ಗುಲಲ್ಲಿ ಮನುಷ್ಯ ಇದ್ದ. ಮಾಸ್ತರರ ನಡು ಹಿಡಿದು ಎತ್ತಿ ಹೆಗಲಿಗೆ ಹಾಕಿಕೊಂಡು ಓಡಿದ. ಓಡಿದ ದಾರಿಯಲ್ಲೂ ಉಗಿ. ಅಲ್ಲಿದ್ದ ಇಬ್ಬರನ್ನು ರಟ್ಟೆ ಹಿಡಿದು ಎಳೆದ. ನೆಲ ಒಡೆಯಿತು ಅಂತ ಯಾರೋ ಕೂಗಿದರು. ಅಷ್ಟೇ ಸಾಕಾಯಿತು. ಗದಗಿನವರು ಓಡಿದರು, ಅವರನ್ನು ನೋಡಿ ಬೇರೆ ದೇಶದವರೂ ಓಡಿದರು. ಮೆಟ್ಟಿಲ ಮೇಲೆ ನೂಕುನುಗ್ಗಲಾಯಿತು, ಒಬ್ಬ ಮುದುಕಿ ಕಾಲು ತಪ್ಪಿ ಬಿದ್ದಳು. ಹಾರುಮಿ ಎರಡೂ ತೋಳು ಚಾಚಿ ಅಡ್ಡ ನಿಂತು ಜನರನ್ನು ನಿಲ್ಲಿಸಿದಳು. ಇಲ್ಲದಿದ್ದರೆ ಆ ಮುದುಕಿಯನ್ನು ತುಳಿದುಬಿಡುತ್ತಿದ್ದರು.

ಬಸ್ಸಿನ ಹತ್ತಿರ ಇಳಿಸಿದಾಗ ಮಾಸ್ತರರು ಕನ್ನಡಕ ಇದೆಯೋ ಇಲ್ಲವೋ ತಡವಿ ನೋಡಿಕೊಂಡರು. ಕೊಟ್ರೇಶಿಯ ಎರಡನೇ ಬೆರಳು ಎದ್ದಿತು.

ಫಕೀರವ್ವ ಮಗನನ್ನು ಬಸ್ಸಿನ ಹಿಂದೆ ಕರೆದುಕೊಂಡು ಹೋಗಿ ಬೈದಳು. ಬೈದ ಮೇಲೆ ಬುದ್ಧಿ ಹೇಳಿದಳು. ಯಾರನ್ನೂ ಮುಟ್ಟಬೇಡ. ಈ ಊರು ಆ ಹಾರುಮಿಗೆ ಗೊತ್ತು, ಆಕೆ ಹೇಳಿದಷ್ಟೇ ಮಾಡು. ಆಕೆ ಮಲಗು ಅಂದರೆ ಮಲಗು, ಏಳು ಅಂದರೆ ಏಳು. "ಬ್ಯಾರೆ ಯಾರ ಮಾತೂ ಕೇಳಬ್ಯಾಡ. ನಾ ಹೇಳಿದ್ರೂ ಕೇಳಬ್ಯಾಡ."

ಅಡಿವೆಪ್ಪ ಹೂಂ ಅಂದ.

ಆಮೇಲೆ ಉಸುಕಿನ ಸ್ನಾನ. ಹಳೇ ಮರದ ಸ್ನಾನದ ಮನೆ, ಒಳಗೆ ಕರಿ ಉಸುಕಿನ ಹಾಸು. ಉಸುಕಿನ ಕೆಳಗೆ ಬಿಸಿನೀರು ಹರಿಯುತ್ತದೆ. ತೆಳ್ಳನೆಯ ಅಂಗಿ ತೊಟ್ಟು ಮಲಗಿದರೆ ಹೆಂಗಸರು ಸಲಿಕೆಯಿಂದ ಬಿಸಿ ಉಸುಕನ್ನು ಕುತ್ತಿಗೆವರೆಗೆ ಮುಚ್ಚುತ್ತಾರೆ. ಹತ್ತು ನಿಮಿಷ, ಅದಕ್ಕಿಂತ ಹೆಚ್ಚಿಲ್ಲ. ಬದುಕಿರುವಾಗಲೇ ಮಣ್ಣು ಮಾಡಿಸಿಕೊಳ್ಳಲು ನಾನು ಒಲ್ಲೆ ಅಂದರು ಮಾಸ್ತರರು. ಅಡಿವೆಪ್ಪ ಬೆಳಗಿನಿಂದ ಹೊತ್ತು ಹೊತ್ತು ದಣಿದಿದ್ದಾನೆ ಪಾಪ, ನನ್ನ ಪಾಳಿ ಅವನಿಗೆ ಕೊಡಿರಿ ಅಂದರು. ಹಾರುಮಿ ಕೈಸನ್ನೆಯಲ್ಲಿ ಮಲಗು ಅಂದಳು. ಅಡಿವೆಪ್ಪ ಮಲಗಿದ. ಅವನನ್ನು ಮುಚ್ಚಿದರು.

ಹತ್ತು ನಿಮಿಷಕ್ಕೆ ಎಲ್ಲರೂ ಎದ್ದರು. ಹಾರುಮಿ ಅವರನ್ನು ಕರೆದುಕೊಂಡು ಹೊರಗೆ ಹೋದಳು. ಅಡಿವೆಪ್ಪ ಏಳಲಿಲ್ಲ. ಸಲಿಕೆಯ ಹೆಂಗಸು ತಟ್ಟಿ ಎಬ್ಬಿಸಿದಳು, ಏಳಲಿಲ್ಲ. ಉಸುಕು ತೋಡಿ ತೆಗೆದಳು. ಅವನು ಒಂದು ಕೈ ಹೊರಗೆ ಹಾಕಿ ಉಸುಕನ್ನು ಮತ್ತೆ ಎಳೆದುಕೊಂಡ. ಇಬ್ಬರು ಗಂಡಸರು ಬಂದು ಎತ್ತಲು ನೋಡಿದರು. ಜೋಳದ ಚೀಲ ಹೊತ್ತ ಮೈ, ಅಲುಗಲಿಲ್ಲ. ಹದಿನೈದು ನಿಮಿಷವಾಯಿತು. ಇಪ್ಪತ್ತಾಯಿತು. ಮುಖ ಕೆಂಪಾಗಿದ್ದದ್ದು ಕಪ್ಪಾಗತೊಡಗಿತು.

ಫಕೀರವ್ವನನ್ನು ಬಸ್ಸಿನಿಂದ ಓಡಿಸಿಕೊಂಡು ಬಂದರು. ಹಣೆ ಮುಟ್ಟಿ ನೋಡಿದಳು. ಬೆವರು ನಿಂತುಹೋಗಿ ಹಣೆ ಒಣಗಿತ್ತು. ಬೆಂಕಿ ಮುಂದೆ ಬಾಳಿದವಳಿಗೆ ಅದರ ಅರ್ಥ ಗೊತ್ತು, ಇನ್ನು ತಡವಾದರೆ ಜೀವ ಉಳಿಯುವುದಿಲ್ಲ.

"ಏಳಪಾ," ಅಂದಳು.

"ನೀ ಅಲ್ಲ ಯವ್ವಾ," ಅಂದ ಅಡಿವೆಪ್ಪ, ನಾಲಿಗೆ ತೊದಲುತ್ತಿತ್ತು. "ಆಕಿ ಹೇಳಬೇಕು. ನೀನ ಹೇಳೀದಿ."

ಹಾರುಮಿಯನ್ನು ಹುಡುಕಿ ಕರೆತಂದರು. ಆಕೆ ಅವನ ಮುಂದೆ ಕೂತು ತನ್ನ ಭಾಷೆಯಲ್ಲಿ ಹೇಳಿದಳು, ಇಂಗ್ಲಿಷಿನಲ್ಲಿ ಹೇಳಿದಳು, ಕೈ ಎತ್ತಿ ತೋರಿಸಿದಳು. ಅವನ ಕಣ್ಣು ಆಗಲೇ ಮುಚ್ಚುತ್ತಿದ್ದವು, ಸನ್ನೆ ಕಾಣಲಿಲ್ಲ. ಫಕೀರವ್ವ ಆಕೆಯ ಕೈ ಹಿಡಿದುಕೊಂಡು, ಏಳು ಅನ್ನು ತಾಯೀ, ಒಂದೇ ಒಂದು ಮಾತು, ಏಳು ಅನ್ನು ಅಂದಳು. ಹಾರುಮಿಗೆ ಆಕೆಯ ತುಟಿ ನೋಡಿಯೇ ತಿಳಿಯಿತು. ಆದರೆ ಜಪಾನಿನವರ ನಾಲಿಗೆಗೆ ನಮ್ಮ ಳಕಾರ ಹೊರಳುವುದಿಲ್ಲ.

"ಏರು," ಅಂದಳು ಹಾರುಮಿ.

ಅಡಿವೆಪ್ಪ ಕಣ್ಣು ಬಿಟ್ಟ. ಉಸುಕು ಕೊಡವಿ ಎದ್ದ. ಎಲ್ಲರೂ ಉಸಿರು ಬಿಡುವಷ್ಟರಲ್ಲಿ ಗೋಡೆಗೆ ಒರಗಿಸಿದ್ದ ಏಣಿ ಹತ್ತತೊಡಗಿದ. ಒಂದು ಮೆಟ್ಟಿಲು, ಎರಡು ಮೆಟ್ಟಿಲು. ಫಕೀರವ್ವ ಇಳಿಯೋ ಅನ್ನುತ್ತಿದ್ದಾಳೆ, ಅವನು ಏರುತ್ತಿದ್ದಾನೆ. ಏಳನೇ ಮೆಟ್ಟಿಲಲ್ಲಿ ತಲೆ ತಿರುಗಿ ಕೈ ಬಿಟ್ಟಿತು. ಬಿದ್ದದ್ದು ಉಸುಕಿನ ಮೇಲೆ. ಅಷ್ಟು ಪುಣ್ಯ.

ತಲೆಗೆ ತಣ್ಣೀರು ಸುರಿದರು, ಉಪ್ಪು ಹಾಕಿದ ನೀರು ಕುಡಿಸಿದರು. ಅರ್ಧ ತಾಸಿನ ಮೇಲೆ ಅಡಿವೆಪ್ಪ ಎದ್ದು ಕೂತು, ಹಸಿವೆ ಆಗೈತಿ ಅಂದ. ಕೊಟ್ರೇಶಿ ಮೂರನೇ ಬೆರಳು ಎತ್ತಲಿಲ್ಲ. ಬಂದು ಫಕೀರವ್ವನ ಮುಂದೆ ನಿಂತು ಮೆಲ್ಲಗೇ ಹೇಳಿದ. ಇವತ್ತು ಸಂಜೆ ಹಡಗಿನಲ್ಲಿ ಒಸಾಕಾಕ್ಕೆ ಹೋಗುತ್ತೇವೆ. ನಾಳೆ ಅಲ್ಲಿಂದ ನಿಮ್ಮಿಬ್ಬರಿಗೂ ವಿಮಾನ. ನಿಮ್ಮ ರೊಟ್ಟಿ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಇವನ ಜೀವ ನನ್ನ ಕೊರಳಿಗೆ ಬರಬಾರದು.

ಫಕೀರವ್ವ ಸ್ನಾನದ ಮನೆಯ ಕಟ್ಟೆ ಮೇಲೆ ಕೂತಳು. ಈ ಸಲ ಬೈಯಲಿಲ್ಲ. ಮಗನ ತಲೆಯಿಂದ ಉಸುಕು ತೆಗೆಯುತ್ತ ಬುದ್ಧಿ ಮಾತ್ರ ಹೇಳಿದಳು.

"ಹಿಂದ ಹೇಳಿದ್ದೆಲ್ಲಾ ಮರತುಬಿಡು. ಇನ್ನ ಮುಂದ ನೀ ಎಲ್ಲಾದಕ್ಕೂ ಕಡೀಗೆ ಇರಪಾ. ಎಲ್ಲಾರೂ ಹಡಗ ಹತ್ತಲಿ. ಒಬ್ಬರೂ ಉಳೀಬಾರದು. ಆಮ್ಯಾಲೆ ನೀ ಹತ್ತು. ಕಡೀಗೆ ಇದ್ದವಗ ತಪ್ಪು ಮಾಡಾಕ ಏನೂ ಉಳಿಯೂದಿಲ್ಲ."

ಅಡಿವೆಪ್ಪ ಹೂಂ ಅಂದ.

ಸಂಜೆ ಬಂದರಿಗೆ ಬಂದರು. ಹಡಗು ಒಂದು ಓಣಿಯಷ್ಟು ಉದ್ದವಿತ್ತು. ಹತ್ತಲು ಕಟಕಟೆಯ ಕಿರು ಸೇತುವೆ. ಗದಗಿನ ಇಪ್ಪತ್ತೆರಡು ಮಂದಿಯೂ ಹಾರುಮಿಗೆ ಕೈ ಮುಗಿದು ಹತ್ತಿದರು. ಕೊಟ್ರೇಶಿ ಹತ್ತಿದ. ಫಕೀರವ್ವ ಸಣ್ಣ ಪಾತ್ರೆ ಹಿಡಿದು ಹತ್ತಿದಳು. ಅಡಿವೆಪ್ಪ ದೊಡ್ಡ ಹಂಡೆಯನ್ನು ಎದೆಗೆ ಅವಚಿಕೊಂಡು ಸೇತುವೆಯ ಬುಡದಲ್ಲಿ ನಿಂತ. ಚೀಟಿ ನೋಡುವ ಹಡಗಿನವನು ಬಾ ಅಂದ. ಅಡಿವೆಪ್ಪ ನೀ ಮೊದಲು ಅಂತ ಸನ್ನೆ ಮಾಡಿದ. ಹಡಗಿನವನು ಗಡಿಯಾರ ನೋಡಿ ಸೇತುವೆ ಹತ್ತಿ ನಿಂತ.

ಹಡಗು ಕೂಗಿತು. ಕೆಳಗೆ ಉಳಿದವರು ಇಬ್ಬರೇ, ಅಡಿವೆಪ್ಪ ಮತ್ತು ಹಾರುಮಿ. ಆಕೆ ಹೋಗು ಹೋಗು ಅಂತ ಕೈ ಬೀಸಿದಳು. ಇವನು ನಕ್ಕು ತಲೆ ಅಲ್ಲಾಡಿಸಿದ. ಮೇಲಿನಿಂದ ಫಕೀರವ್ವ ನೋಡಿದಳು. ತಾನೇ ಹೇಳಿದ ಮಾತಿನ ಅರ್ಥ ಆಕೆಗೆ ಈಗ ತಿಳಿಯಿತು. ಆಕಿ ಇಲ್ಲಿಯಾಕಿ, ಆಕಿನ್ನ ಬಿಟ್ಟು ಬಾರೋ ಅಂತ ಕೂಗಿದಳು. ಹಡಗಿನ ಯಂತ್ರದ ಸದ್ದಿನಲ್ಲಿ ಆ ಕೂಗು ಕೆಳಗೆ ಮುಟ್ಟಲಿಲ್ಲ. ಇಳಿಯಲು ಹೋದರೆ ಹಡಗಿನವನು ತಡೆದ. ಪರದೇಶದ ದಂಡೆಯ ಮೇಲೆ ಮಗ ಒಬ್ಬನೇ, ಹೇಳುವ ಬಾಯಿ ಹಡಗಿನ ಮೇಲೆ. ಯಾವುದಕ್ಕೆ ಹೆದರಿ ಆಕೆ ಮೂವತ್ತು ವರ್ಷ ನಿದ್ದೆಗೆಟ್ಟಿದ್ದಳೋ ಅದು ಕಣ್ಣೆದುರಿಗೆ ನಿಂತಿತ್ತು.

ಹಾರುಮಿ ಅವನ ಮುಖ ನೋಡಿದಳು. ಸೇತುವೆ ನೋಡಿದಳು. ಏನೋ ಹೊಳೆದು ತಾನೇ ಎರಡು ಹೆಜ್ಜೆ ಹತ್ತಿದಳು. ಅಡಿವೆಪ್ಪನ ಮುಖ ಅರಳಿತು, ಅವನೂ ಎರಡು ಹೆಜ್ಜೆ ಹತ್ತಿದ. ಆಕೆ ಮತ್ತೆ ಎರಡು ಹೆಜ್ಜೆ, ಅವನೂ ಎರಡು ಹೆಜ್ಜೆ. ಹೀಗೇ ಮೇಲಿನವರೆಗೆ ಕರೆದುಕೊಂಡು ಬಂದು ಹಡಗಿನೊಳಗೆ ಕಾಲಿಟ್ಟಳು. ಅವನೂ ಕಾಲಿಟ್ಟ. ಫಕೀರವ್ವ ಪಾತ್ರೆ ಕೆಳಗಿಟ್ಟು ಅದರ ಮಗ್ಗುಲಲ್ಲೇ ಕೂತಳು.

ಹಾರುಮಿ ಇಳಿಯಲು ತಿರುಗಿದಳು. ಅಡಿವೆಪ್ಪ ಬಾಗಿಲಿನಲ್ಲಿ ನಿಂತಿದ್ದ, ಹಂಡೆ ಸಮೇತ. ಆಕೆ ಎಡಕ್ಕೆ ಬಂದರೆ ಹಂಡೆ ಎಡಕ್ಕೆ, ಬಲಕ್ಕೆ ಬಂದರೆ ಹಂಡೆ ಬಲಕ್ಕೆ. ಒಬ್ಬರೂ ಉಳಿಯಬಾರದು ಅಂತ ಅವ್ವ ಹೇಳಿದ್ದಳು. ಸೇತುವೆ ಹಿಂದೆ ಸರಿಯಿತು. ಬಾಗಿಲು ಮುಚ್ಚಿತು. ಹಡಗು ದಂಡೆ ಬಿಟ್ಟಿತು.

ಕೊಟ್ರೇಶಿಯ ಮುಖದಲ್ಲಿ ರಕ್ತವೇ ಇರಲಿಲ್ಲ. ತನ್ನ ಊರು ಹಿಂದೆ ಸರಿಯುವುದನ್ನು ಹಾರುಮಿ ಕಿಟಕಿಯಿಂದ ನೋಡಿದಳು. ಮನೆಗೆ ಫೋನು ಮಾಡಿ ಏನೋ ನಾಲ್ಕು ಮಾತು ಹೇಳಿದಳು. ಆಕೆ ದೂರು ಕೊಟ್ಟರೆ ಇನ್ನು ಈ ದೇಶದಲ್ಲಿ ಕೊಟ್ರೇಶಿಗೆ ಕೆಲಸವಿಲ್ಲ.

ಫಕೀರವ್ವ ಎದ್ದು ಮಗನ ಬೆನ್ನಿಗೆ ಕೈ ಹಚ್ಚಿದಳು. "ಹೋಗು, ಆಕಿ ಮುಂದ ಬಗ್ಗಿ ತಪ್ಪಾತು ಅನ್ನು. ಆಕಿ ತಲಿ ಎತ್ತೋತನಕ ನೀ ತಲಿ ಎತ್ತಬ್ಯಾಡ."

ಅಡಿವೆಪ್ಪ ಹೋದ. ಸೊಂಟ ಬಗ್ಗಿಸಿ, ತಪ್ಪಾತ್ರಿ ಅಂದ. ಎದುರಿನವರು ಬಗ್ಗಿದರೆ ತಾನೂ ಬಗ್ಗುವುದು ಹಾರುಮಿಯ ದೇಶದ ಪದ್ಧತಿ. ಆಕೆಯೂ ಬಗ್ಗಿದಳು. ಅತಿಥಿ ತಲೆ ಎತ್ತುವ ಮೊದಲು ಆಕೆ ಎತ್ತುವವಳಲ್ಲ. ಆಕೆ ಎತ್ತುವ ಮೊದಲು ಇವನು ಎತ್ತುವವನಲ್ಲ. ಒಂದು ನಿಮಿಷವಾಯಿತು, ಐದು ನಿಮಿಷವಾಯಿತು. ಹಾರುಮಿಯ ಹೆಗಲು ಅಲುಗತೊಡಗಿದವು. ಅಳುತ್ತಿದ್ದಾಳೋ ಏನೋ ಅಂತ ಮಾಸ್ತರರು ಗಾಬರಿಯಾಗಿ ಬಗ್ಗಿ ಮುಖ ನೋಡಿದರು. ಆಕೆ ನಗುತ್ತಿದ್ದಳು. ಬಗ್ಗಿದಲ್ಲಿಂದಲೇ ಇಂಗ್ಲಿಷಿನಲ್ಲಿ ಏನೋ ಹೇಳಿದಳು.

ಮಾಸ್ತರರು ಎದ್ದು ಕನ್ನಡಕ ಒರೆಸಿಕೊಂಡು ಹೇಳಿದರು, "ಹತ್ತೊಂಬತ್ತು ವರ್ಷ ಆತಂತ, ಈ ಬಂದರಿನಾಗ ಮಂದೀನ ಹಡಗ ಹತ್ತಿಸಿ ಕಳಸ್ತಾಳಂತ. ನೀನೂ ಹತ್ತವ್ವಾ ಅಂತ ಯಾರೂ ನಿಂತಿದ್ದಿಲ್ಲಂತ."

ಕೊಟ್ರೇಶಿ ಕೈಯಲ್ಲಿ ಫೋನು ಹಿಡಿದಿದ್ದ. ವಿಮಾನದ ಚೀಟಿ ತೆಗೆಸಬೇಕಿತ್ತು. ಅದನ್ನು ಹಾಗೇ ಜೇಬಿಗೆ ಹಾಕಿದ. ರೊಟ್ಟಿ ಎಷ್ಟು ಉಳಿದಾವ್ರಿ ಅಂತ ಫಕೀರವ್ವನನ್ನು ಕೇಳಿದ, ಒಸಾಕಾದಾಗ ಬುತ್ತಿ ಬೇಕಾಗತೈತಿ ಅಂದ.

ಆಕೆ ಎರಡು ತಟ್ಟೆಗೆ ಬಡಿಸಿದಳು. ರೊಟ್ಟಿ ಇಟ್ಟಳು, ಶೇಂಗಾ ಚಟ್ನಿ ಇಟ್ಟಳು, ಮಧ್ಯಾಹ್ನದ ಗೆಣಸು ಇಟ್ಟಳು. ಇಬ್ಬರ ಮುಂದೆ ಒಂದೊಂದು ತಟ್ಟೆ ಇಟ್ಟು ಕಾಯುತ್ತ ಕೂತಳು. ಹಡಗು ಕೊಲ್ಲಿ ದಾಟಿ ದೊಡ್ಡ ಸಮುದ್ರಕ್ಕೆ ಬಂತು. ಅವರು ಇನ್ನೂ ಬಗ್ಗಿಯೇ ಇದ್ದರು.