ಅಜ್ಜಯ್ಯನ ಊಟದ ಎಲೆ

ತುಂಗಭದ್ರೆಯ ದಂಡೆಯ ಮೇಲೆ ಒಂದು ಮಠ. ಮಠ ಅಂದರೆ ದೊಡ್ಡದೇನಲ್ಲ. ಎರಡು ಕೋಣೆ, ಮುಂದೊಂದು ಕಟ್ಟೆ, ಕಟ್ಟೆಯ ಮೇಲೆ ಒಬ್ಬ ಅಜ್ಜಯ್ಯ.

ಪ್ರಾಯದಲ್ಲಿ ಮಠದಿಂದ ಮಠಕ್ಕೆ ಓಲೆ ಹಿಡಿದು ಓಡಿದ ಕಾಲು ಅವರದು. ಈಗ ಹೊಳೆಗೆ ಇಳಿದು ಹತ್ತುವಷ್ಟರಲ್ಲಿ ಮಂಡಿ ಹಿಡಿದುಕೊಳ್ಳುತ್ತಿತ್ತು.

ಯುಗಾದಿ ಕಳೆದ ಮೂರನೇ ದಿನ ಬೆಳಗ್ಗೆ ಊರಿನ ಟೈಲರ್ ಕೊಟ್ರೇಶ ಬಂದು ಅವರ ಮುಂದೆ ನಿಂತ. ನಲವತ್ತಮೂರು ವರ್ಷದ ಆಸಾಮಿ. ಕಾಲಲ್ಲಿ ಹೊಸ ಬೂಟು.

“ಅಜ್ಜಯ್ಯ, ನನಗ ಓಡೋದು ಕಲಸ್ರಿ.”

“ಯಾರು ಅಟ್ಟಿಸ್ಕೊಂಡು ಬರ್ತಿದಾರಪ್ಪ?”

“ಯಾರೂ ಇಲ್ಲ. ಈ ಬ್ಯಾಸಿಗ್ಯಾಗ ಸುತ್ತಮುತ್ತ ಮೂರು ಓಟದ ಸ್ಪರ್ಧೆ ಅದಾವು. ಒಂದೊಂದೂ ಇಪ್ಪತ್ತೊಂದು ಕಿಲೋಮೀಟರ್. ಒಂದನ್ನಾದ್ರೂ ಮುಗಿಸ್ಬೇಕು.”

“ಯಾಕ?”

ಕೊಟ್ರೇಶ ತನ್ನ ಬೂಟು ನೋಡಿಕೊಂಡ. “ಇಪ್ಪತ್ತು ವರ್ಷದಿಂದ ಮಿಷಿನ್ ತುಳೀತಿದೀನಿ ಅಜ್ಜಯ್ಯ. ಕಾಲು ಓಡಿದ್ದೇ ಓಡಿದ್ದು, ಕುಂತ ಸ್ಟೂಲ್ ಬಿಟ್ಟು ಕದಲಿಲ್ಲ. ಹೊಲಿದದ್ದೆಲ್ಲ ಮಂದಿ ಮೈಮ್ಯಾಲೆ ಹೋತು. ನಂದು ಅಂತ ನಾನು ಮುಗಿಸಿದ್ದು ಒಂದೂ ಇಲ್ಲ.”

ಅಜ್ಜಯ್ಯ ಹೊಳೆ ಹರಿದು ಬರುವ ಕಡೆಗೆ ಕೈ ತೋರಿಸಿದರು.

“ಈ ದಂಡಿ ಹಿಡಕೊಂಡು ಐದು ಮೈಲಿ ಹೋಗು. ಒಂದೇ ಒಂದು ಮುತ್ತುಗದ ಮರ ಐತಿ. ಮೂರೆಲಿ ಇರೋ ಒಂದು ಕಡ್ಡಿ ಮುರಕೊಂಡು ಓಡಿ ಬಾ. ನೀನು ಓಡೋ ದಿನ ಅದೇ ನನ್ನ ಊಟದ ಎಲಿ.”

“ನಾನು ತಡ ಮಾಡಿದ್ರ?”

“ನನಗ ಹಸಿವಾಗ್ತೈತಿ.”

ಹಾಗೆ ಶುರುವಾಯಿತು. ವಾರಕ್ಕೆ ಮೂರು ದಿನ ಕೊಟ್ರೇಶ ನಸುಕಿನಲ್ಲಿ ಹೊರಟು, ಬಿಸಿಲೇರುವ ಹೊತ್ತಿಗೆ ಬೆವರು ಸುರಿಸುತ್ತ ಬಂದು ಎಲೆ ಕೊಡುವನು. ಅಜ್ಜಯ್ಯ ಮೂರೂ ಎಲೆಗಳನ್ನು ಸಣ್ಣ ಕಡ್ಡಿಯಿಂದ ಚುಚ್ಚಿ ಜೋಡಿಸುವರು. ಅದರ ಮೇಲೆ ಮೊಸರನ್ನ ಹಾಕಿಕೊಂಡು ಉಣ್ಣುವರು.

“ಎಷ್ಟೊತ್ತು ತಗೊಂಡೆ ಅಜ್ಜಯ್ಯ?” ಎಂದು ಕೊಟ್ರೇಶ ಕೇಳುವನು.

“ಅನ್ನ ಆರಿತ್ತು” ಎನ್ನುವರು. ಇನ್ನೊಂದು ದಿನ, “ಅನ್ನ ಇನ್ನೂ ಬೆಚ್ಚಗಿತ್ತು.” ಅವರ ಗಡಿಯಾರ ಅಷ್ಟೇ.

ಮೊದಲನೇ ಸ್ಪರ್ಧೆ ಬಂತು. ಹದಿನೈದನೇ ಕಿಲೋಮೀಟರಿನಲ್ಲಿ ಕೊಟ್ರೇಶ ಒಂದು ಹುಣಸೆಮರದ ಕೆಳಗೆ ಕುಳಿತ. ಕುಳಿತವನು ಏಳಲಿಲ್ಲ. ನೀರಿನ ಗಾಡಿಯವರು ಹತ್ತಿಸಿಕೊಂಡು ಬಂದು ಬಸ್ ನಿಲ್ದಾಣಕ್ಕೆ ಬಿಟ್ಟರು.

ಅಜ್ಜಯ್ಯ ಎಲ್ಲವನ್ನೂ ಕೇಳಿಸಿಕೊಂಡರು.

“ಕುಂತಲ್ಲಿ ನೆರಳಿತ್ತಾ?”

“ಇತ್ತು.”

“ಚಲೋ ಆತು.”

ಕೊಟ್ರೇಶನಿಗೆ ಅಳು ಬಂತು, ಸಿಟ್ಟೂ ಬಂತು. ಯಾವುದನ್ನೂ ತೋರಿಸದೆ ಮನೆಗೆ ಹೋದ.

ಎರಡನೇ ಸ್ಪರ್ಧೆಯಲ್ಲಿ ಹದಿನಾರನೇ ಕಿಲೋಮೀಟರು. ಮತ್ತೆ ಅದೇ ಗಾಡಿ, ಅದೇ ಹಿಂದಿನ ಸೀಟು.

“ಈ ಸಲ ನೆರಳೂ ಇರ್ಲಿಲ್ಲ ಅಜ್ಜಯ್ಯ” ಎಂದು, ಅವರು ಕೇಳುವ ಮೊದಲೇ ಕೊಟ್ರೇಶ ಹೇಳಿದ.

ಅಷ್ಟರಲ್ಲಿ ಮದುವೆಗಳು ಶುರುವಾದವು. ಒಂದೊಂದು ಮನೆಯಿಂದ ಹತ್ತು ಹದಿನೈದು ರವಿಕೆ. ಎಲ್ಲರಿಗೂ ನಾಳೆಯೇ ಬೇಕು. ಹಗಲೆಲ್ಲ ಮಿಷಿನ್ನು, ಬೆಳಗ್ಗೆ ಹೊಳೆದಂಡೆ. ಕೊಟ್ರೇಶನ ದಣಿವು ಮೈ ಬಿಟ್ಟು ಹೋಗುವುದನ್ನೇ ಮರೆಯಿತು. ಉಂಡರೂ ದಣಿವು, ಮಲಗಿ ಎದ್ದರೂ ದಣಿವು. ಬೂಟಿನ ಲೇಸು ಕಟ್ಟಲು ಬಗ್ಗಿದವನು ಹಾಗೇ ಅರ್ಧ ಗಳಿಗೆ ಬಗ್ಗಿಯೇ ಇರುತ್ತಿದ್ದ.

ಒಂದು ಬೆಳಗ್ಗೆ ಅವನು ಒಂದರ ಬದಲು ಎರಡು ಕಡ್ಡಿ ಮುರಿದ. ಎರಡನೆಯದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಅರ್ಧ ದಾರಿಯಲ್ಲಿದ್ದ ಪಂಪ್‌ಸೆಟ್ ಮನೆಯೊಳಗೆ ಇಟ್ಟ. ಟೈಲರನಿಗೆ ಬಟ್ಟೆ ಚೂರಿಗೇನು ಬರ?

ಮುಂದಿನ ಸಲ ಅವನು ಆ ಪಂಪ್‌ಸೆಟ್ ಮನೆಯವರೆಗೆ ಮಾತ್ರ ಹೋದ. ಗೋಡೆಗೆ ಒರಗಿ ಒಂದು ನಿದ್ದೆ ತೆಗೆದ. ಎದ್ದು, ಎಲೆ ತೆಗೆದುಕೊಂಡು, ಮುಖಕ್ಕೂ ಅಂಗಿಗೂ ಹೊಳೆಯ ನೀರು ಚಿಮುಕಿಸಿಕೊಂಡು ಮಠಕ್ಕೆ ಓಡಿ ಬಂದ.

ಅಜ್ಜಯ್ಯ ಎಲೆಯನ್ನು ತಿರುಗಿಸಿ ನೋಡಿದರು. ಕೊಟ್ರೇಶನ ಮುಖ ನೋಡಿದರು. ಮತ್ತೆ ಎಲೆ ನೋಡಿದರು.

“ಎಲಿ ನಿನಗಿಂತ ಜಾಸ್ತಿ ದಣಿದೈತಲ್ಲಪ್ಪ.”

ಅಷ್ಟೇ ಅಂದು ಅದನ್ನೇ ಜೋಡಿಸಿದರು, ಅದರ ಮೇಲೆಯೇ ಅನ್ನ ಹಾಕಿಕೊಂಡರು. ಬಾಡಿದ ಎಲೆ ಕಡ್ಡಿ ಚುಚ್ಚಿದ ಕಡೆಯೆಲ್ಲ ಹರಿಯಿತು. ಮೊಸರು ಸೋರಿ ಕಟ್ಟೆಯ ಮೇಲೆ ಇಳಿಯಿತು. ಅಜ್ಜಯ್ಯ ಅದನ್ನು ಬೆರಳಿನಿಂದ ಬಳಿದುಕೊಂಡು ಊಟ ಮುಗಿಸಿದರು.

ಕೊಟ್ರೇಶನಿಗೆ ನೋಡಲಾಗಲಿಲ್ಲ.

“ಅಜ್ಜಯ್ಯ, ನಾನು ಮರದ ತನಕ ಹೋಗ್ಲಿಲ್ಲ.”

“ಗೊತ್ತಾತು.”

“ದಣಿದಿದ್ದೆ.”

“ಹಂಗಂತ ಹೇಳಿದ್ರ ಬರೀ ಕೈಯಾಗ ಉಣ್ತಿದ್ದೆ.”

ಕೊಟ್ರೇಶ ತಲೆ ತಗ್ಗಿಸಿ ಕುಳಿತ. ನಾಚಿಕೆ ಕಿವಿಯವರೆಗೆ ಏರಿತ್ತು. ಕೊನೆಗೆ ಕೇಳಿದ, “ದಣಿವು ಹೆಂಗ ಕಳಕೋಬೇಕು? ಅದೊಂದು ಹೇಳಿ ಬಿಡ್ರಿ.”

“ನಾಳೆ ಬಾ. ಬೂಟು ಬ್ಯಾಡ.”

ಮರುದಿನ ಬೆಳಗ್ಗೆ ಅಜ್ಜಯ್ಯ ಕೋಲು ಹಿಡಿದು ನಿಂತಿದ್ದರು.

“ಎಲ್ಲಿಗೆ ಅಜ್ಜಯ್ಯ?”

“ಮುತ್ತುಗದ ಮರಕ್ಕ.”

“ಐದು ಮೈಲಿ ಐತಿ! ನಿಮ್ಮ ಮಂಡಿ...”

“ಮಂಡಿನೂ ಬರ್ತೈತಿ.”

ಇನ್ನೂರು ಹೆಜ್ಜೆ ನಡೆದು ಅಜ್ಜಯ್ಯ ನಿಂತರು. “ದಣಿದೆ” ಎಂದು ಒಂದು ಕಲ್ಲಿನ ಮೇಲೆ ಕುಳಿತರು. ಸ್ವಲ್ಪ ಹೊತ್ತಿಗೆ “ಹೋಗೋಣ” ಎಂದು ಎದ್ದರು. ಮತ್ತೆ ಒಂದಿಷ್ಟು ದೂರ. ಮತ್ತೆ “ದಣಿದೆ.” ಮತ್ತೆ “ಹೋಗೋಣ.”

ಕೊಟ್ರೇಶ ಗಾಡಿ ತರಿಸುತ್ತೇನೆಂದ. ಎತ್ತಿಕೊಳ್ಳುತ್ತೇನೆಂದ. ಹತ್ತನೇ ಸಲ ಕುಳಿತಾಗ ಎದುರಿನಿಂದ ಬಂದ ಮೀನುಗಾರರು ನಿಂತು ನೋಡಿ ನಕ್ಕರು. ಕೊಟ್ರೇಶನಿಗೆ ಮೈಯೆಲ್ಲ ಹಿಡಿಯಾಯಿತು.

“ಹಿಂಗ ಹೆಜ್ಜೆಹೆಜ್ಜೆಗೂ ಕುಂದ್ರಾಕ ನಾಚಿಕಿ ಆಗಂಗಿಲ್ಲೇನು ಅಜ್ಜಯ್ಯ?”

“ಮಂಡಿ ನಂದು, ದಣಿವು ನಂದು. ನಾಚಿಕಿ ಯಾರದಪ್ಪ?”

ಮಧ್ಯಾಹ್ನ ತಿರುಗಿದ ಮೇಲೆ ಮರ ಮುಟ್ಟಿದರು. ಅಜ್ಜಯ್ಯ ಬೊಡ್ಡೆಗೆ ಬೆನ್ನು ಕೊಟ್ಟು ಕಾಲು ಚಾಚಿದರು. ಅವರ ಪಾದ ಎರಡೂ ಊದಿದ್ದವು.

“ಈಗ ದಣಿವು ಹೋತಾ?” ಎಂದು ಕೊಟ್ರೇಶ ಕೇಳಿದ.

“ಎಲ್ಲಿಗೆ ಹೋಗ್ತೈತಿ? ಇಲ್ಲೇ ಕುಂತೈತಿ ನೋಡು, ನಮ್ಮ ಜೊತಿಗೆ.”

ಕೊಟ್ರೇಶ ಆ ಊದಿದ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ಒತ್ತಿದ.

“ಹೊತ್ತಾತು, ಹೋಗಿ ಗಾಡಿ ಹೇಳಪ್ಪ” ಅಂದರು ಅಜ್ಜಯ್ಯ. “ವಾಪಸ್ಸೂ ನಡೀತೀನಿ ಅಂತ ತಿಳಕೊಂಡಿ ಏನು? ನನಗೇನು ಹುಚ್ಚಾ?”

ಮೂರನೇ ಸ್ಪರ್ಧೆ ಪಕ್ಕದ ಊರಿನಲ್ಲಿ, ಮಳೆಗಾಲಕ್ಕೆ ಎಂಟು ದಿನ ಮೊದಲು. ಬೇಸಿಗೆಯ ಕೊನೆಯ ಓಟ ಅದೇ.

ಹದಿಮೂರನೇ ಕಿಲೋಮೀಟರಿಗೇ ಕೊಟ್ರೇಶನ ಕಾಲು ಕಲ್ಲಾದವು. “ದಣಿದೆ” ಎಂದು ಗಟ್ಟಿಯಾಗಿ ಹೇಳಿ ಮೈಲಿಗಲ್ಲಿನ ಮೇಲೆ ಕುಳಿತ. ಪಕ್ಕದಲ್ಲಿ ಓಡುತ್ತಿದ್ದವರು ತಿರುಗಿ ನೋಡಿದರು. ನೋಡಲಿ. ಸ್ವಲ್ಪ ಹೊತ್ತಿಗೆ ಎದ್ದ. ಮತ್ತೆ ಓಡಿದ, ಮತ್ತೆ ಕುಳಿತ. ಹದಿನಾರು ದಾಟಿದ ಮೇಲೆ ಓಟ ಹೋಗಿ ನಡಿಗೆಯಾಯಿತು. ಹಿಂದೆ ಯಾರೂ ಉಳಿದಿರಲಿಲ್ಲ.

ಹದಿನೆಂಟನೆಯದರಲ್ಲಿ, ದಾರಿಯುದ್ದಕ್ಕೂ ನೀರು ಹಂಚಿದ್ದ ಒಬ್ಬಾತ ಬೈಕ್ ನಿಲ್ಲಿಸಿದ.

“ಯಜಮಾನ್ರ, ಹತ್ರಿ. ಕೊನೇ ತಿರುವಿನ್ಯಾಗ ಇಳಸ್ತೀನಿ. ಅಲ್ಲಿಂದ ಓಡಿ ಹೋಗಿ ಪದಕ ಹಾಕಿಸ್ಕೊಳ್ರಿ. ಯಾರು ನೋಡ್ತಾರ?”

ಕೊಟ್ರೇಶ ಬೈಕಿನ ಹಿಂದಿನ ಸೀಟು ನೋಡಿದ. ಜೀವಮಾನದಲ್ಲಿ ಯಾವ ಸೀಟಿನ ಮೇಲೂ ಅವನಿಗೆ ಅಷ್ಟು ಆಸೆಯಾಗಿರಲಿಲ್ಲ.

“ಬ್ಯಾಡಪ್ಪ” ಅಂದ. “ಎಲಿ ಹರೀತೈತಿ.”

ಆತನಿಗೆ ಏನೂ ತಿಳಿಯಲಿಲ್ಲ. ಬಿಸಿಲು ತಲೆಗೆ ಏರಿರಬೇಕು ಎಂದುಕೊಂಡು, ಒಂದು ಬಾಟ್ಲಿ ನೀರು ಕೈಗೆ ಕೊಟ್ಟು ಹೋದ.

ಕೊಟ್ರೇಶ ಮುಟ್ಟುವ ಹೊತ್ತಿಗೆ ಶಾಮಿಯಾನ ಬಿಚ್ಚಿದ್ದರು. ಬಾಳೆಹಣ್ಣಿನ ಸಿಪ್ಪೆ, ಕಾಗದದ ಲೋಟಗಳ ನಡುವೆ ಒಬ್ಬ ಹೆಂಗಸು ಕಸ ಗುಡಿಸುತ್ತಿದ್ದಳು. ನೆಲದ ಮೇಲೆ ಎಳೆದಿದ್ದ ಸುಣ್ಣದ ಗೆರೆ ಅರ್ಧ ಉಳಿದಿತ್ತು.

“ಮುಗಿದು ಬಾಳ ಹೊತ್ತಾತಣ್ಣ. ಪದಕದ ಡಬ್ಬಿನೂ ಒಯ್ದ್ರು” ಅಂದಳು.

“ಗೆರಿ ಐತಲ್ಲವ್ವ.”

ಅವಳು ಪೊರಕೆ ಎತ್ತಿ ಪಕ್ಕಕ್ಕೆ ಸರಿದಳು. ಕೊಟ್ರೇಶ ಗೆರೆ ದಾಟಿದ. ದಾಟಿ ಅಲ್ಲಿಯೇ ಕುಳಿತು, ಸಣ್ಣ ಮಗುವಿನ ಹಾಗೆ ಅತ್ತ.

ಮಠಕ್ಕೆ ಬಂದಾಗ ಸಂಜೆಯಾಗುತ್ತಿತ್ತು. ಅಜ್ಜಯ್ಯ ಕಟ್ಟೆಯ ಮೇಲಿದ್ದರು. ಪಕ್ಕದಲ್ಲಿ ಮುಚ್ಚಿಟ್ಟ ಮೊಸರನ್ನದ ಪಾತ್ರೆ ಹಾಗೆಯೇ ಇತ್ತು.

“ಅಜ್ಜಯ್ಯ, ಇನ್ನೂ ಉಂಡಿಲ್ಲೇನು?”

“ನೀನು ಓಡೋ ದಿನ ಅಲ್ಲೇನು ಇವತ್ತು?”

ಮುತ್ತುಗದ ಎಲೆ ತರಬೇಕೆಂಬುದು ಕೊಟ್ರೇಶನಿಗೆ ನೆನಪೇ ಆಗಿರಲಿಲ್ಲ.

“ಮುಗಿಸಿದೆ ಅಜ್ಜಯ್ಯ. ಎಲ್ಲಾರೂ ಮನಿಗೆ ಹೋದ ಮ್ಯಾಲೆ ಮುಗಿಸಿದೆ. ಎಂಟು ಸಲ ಕುಂತೆ. ಓಡಿದ್ದಕ್ಕಿಂತ ನಡದದ್ದೇ ಜಾಸ್ತಿ. ಪದಕ ಸಿಗ್ಲಿಲ್ಲ. ನಿಮಗ ಎಲಿನೂ ತರ್ಲಿಲ್ಲ.” ಬರಿಗೈ ಎರಡನ್ನೂ ಮುಂದೆ ಚಾಚಿದ. “ಬಾಳ ದಣಿದೀನಿ.”

ಅಜ್ಜಯ್ಯ ಆ ಕೈಗಳನ್ನು ಹಿಡಿದು ಅವನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡರು. ಚೊಂಬಿನ ನೀರು ಹಾಕಿ ತೊಳೆದರು. ಎರಡೂ ಕೈ ಜೋಡಿಸಿ ಬೊಗಸೆ ಮಾಡಿಸಿ, ಅದರಲ್ಲಿ ಮೊಸರನ್ನ ಹಾಕಿದರು.

ಕೊಟ್ರೇಶನ ಬೊಗಸೆ ದಣಿವಿಗೆ ಜಗ್ಗಿತು. ಅಜ್ಜಯ್ಯ ತಮ್ಮ ಎಡಗೈಯನ್ನು ಕೆಳಗೆ ಆನಿಸಿ ಹಿಡಿದು, ಬಲಗೈಯಿಂದ ಮೊದಲ ತುತ್ತು ತೆಗೆದುಕೊಂಡರು.

“ಎಲಿ ದಣಿದೈತಿ” ಅಂದರು. “ಆದ್ರೂ ಸೋರ್ತಿಲ್ಲ ನೋಡು.”