ಪಾಸ್ಕದ ದಿನ ಉಪವಾಸ ಕೂತವನು

ನದಿಯ ದಂಡೆಯ ಮೇಲೆ ಇನ್ನಾಸಪ್ಪ ಸ್ವಾಮಿಗಳ ಆಶ್ರಮ. ಯೇಸು ಶಿಲುಬೆಯಲ್ಲಿ ಬಲಿಯಾದದ್ದನ್ನು ನೆನೆಯುವ ಶುಭ ಶುಕ್ರವಾರದ ದಿನ ಅಲ್ಲಿ ಕಲ್ಲು ಜೋಡಿಸಿ ಸಮಾಧಿ ಕಟ್ಟಿ, ಅದರೊಳಗೆ ಅವನ ಮರದ ಪ್ರತಿಮೆಯನ್ನು ಮಲಗಿಸುವ ವಾಡಿಕೆ. ಮೂರನೆಯ ದಿನ ಪಾಸ್ಕ, ಅಂದರೆ ಈಸ್ಟರ್ ಹಬ್ಬದ ಬೆಳಿಗ್ಗೆ ಬಾಗಿಲಗಲ್ಲು ಸರಿಸಿದಾಗ ಒಳಗೆ ಏನೂ ಇರಬಾರದು. ಯೇಸು ಎದ್ದನೆಂದು ಹಾಡಿ, ರೊಟ್ಟಿ-ದ್ರಾಕ್ಷಾರಸದ ಬಲಿಪೂಜೆ ಮುಗಿಸಿ, ಎಲ್ಲರೂ ಊಟಕ್ಕೆ ಕೂರುತ್ತಾರೆ.

ಆ ವರ್ಷ ಎಲೆ ಹಾಕಿದಾಗ ಶಿಷ್ಯ ಚೌರಪ್ಪ ಕಾಣಲಿಲ್ಲ. ಸ್ವಾಮಿಗಳು ಪಾಯಸದ ಬಕೆಟ್ಟು ಹಿಡಿದೇ ಹುಡುಕಿಕೊಂಡು ಹೋದರು. ಆಸಾಮಿ ಖಾಲಿ ಸಮಾಧಿಯೊಳಗೆ ಕೂತಿದ್ದ. ಹಬ್ಬಕ್ಕೆ ಮುಂಚಿನ ವ್ರತದ ನಲವತ್ತು ದಿನ ಒಂದೇ ಹೊತ್ತು ಗಂಜಿ ಕುಡಿದು ಸೊರಗಿಹೋಗಿದ್ದ.

"ಕಲ್ಲು ಸರಿಸಿ ಯೇಸು ಹೊರಗೆ ಹೋದ. ನೀನು ಒಳಗೆ ಬಂದು ಕೂತೆಯಾ?"

"ನನ್ನ ತ್ಯಾಗ ಇನ್ನೂ ಸಾಲದು ಸ್ವಾಮಿ. ದೇವರು ಕ್ಷಮಿಸುವವರೆಗೆ ನಾನು ಉಣ್ಣುವುದಿಲ್ಲ."

ಮೂರು ವರ್ಷದ ಹಿಂದೆ ಬಾವಿಯ ಜಗಳದಲ್ಲಿ ಚೌರಪ್ಪ ತನ್ನ ಅಣ್ಣ ಅಂತೋಣಪ್ಪನನ್ನು ತಳ್ಳಿದ್ದ. ಅಣ್ಣನ ಬಲಗೈ ಮುರಿದು ಸೊಟ್ಟಗೆ ಕೂಡಿಕೊಂಡಿತು. ಅಂದಿನಿಂದ ಮಾತಿಲ್ಲ. ಅಣ್ಣನ ಮುಖ ನೋಡಲು ಧೈರ್ಯವಿಲ್ಲದವನು ದೇವರ ಮುಂದೆ ಮಾತ್ರ ಮಹಾ ಧೀರನಾಗಿದ್ದ.

ಅಣ್ಣನಿಗೆ ಹೇಳಿಕಳಿಸಿದ್ದೆ, ಬಂದು ಪಂಕ್ತಿಯಲ್ಲಿ ಕೂತಿದ್ದಾನೆ ಎಂದರು ಸ್ವಾಮಿಗಳು. ಚೌರಪ್ಪ ಸಮಾಧಿಯೊಳಗೆ ಇನ್ನಷ್ಟು ಹಿಂದಕ್ಕೆ ಸರಿದ. ಇನ್ನೊಂದು ನಲವತ್ತು ದಿನ ಉಪವಾಸ ಮಾಡಿ ಆಮೇಲೆ ಅವನನ್ನು ನೋಡುತ್ತೇನೆ ಎಂದು ಬೇಡಿಕೊಂಡ.

ಸ್ವಾಮಿಗಳು ಬಕೆಟ್ಟು, ಸೌಟು ಅವನ ಕೈಗೆ ಕೊಟ್ಟರು.

"ಹೋಗಿ ಬಡಿಸು."

ಗುರುಗಳ ಮಾತು ಮೀರುವಂತಿಲ್ಲ. ಎದ್ದು ಹೋದ. ಅಣ್ಣ ಎಡಗೈಯಲ್ಲಿ ಉಣ್ಣುತ್ತಿದ್ದ. ಅದನ್ನು ಕಂಡದ್ದೇ ಚೌರಪ್ಪ ಬಕೆಟ್ಟು ಕೆಳಗಿಟ್ಟು, ಕುಸಿದು, ಆ ಸೊಟ್ಟಗೈಯನ್ನು ಹಿಡಿದುಕೊಂಡ.

"ತಪ್ಪಾಯ್ತು ಅಣ್ಣ."

 ಅಂತೋಣಪ್ಪ ಪಕ್ಕಕ್ಕೆ ಸರಿದು ಜಾಗ ಮಾಡಿದ.

"ಹೊಟ್ಟೆ ಬೆನ್ನಿಗೆ ಹತ್ತಿದೆಯಲ್ಲೋ. ಮೂರು ವರ್ಷ ಈ ಒಂದು ಮಾತಿಗೇ ಕಾದಿದ್ದೆ. ಕೂತ್ಕೋ."

ಪಂಕ್ತಿಯಲ್ಲಿದ್ದವರು ಉಣ್ಣುವುದನ್ನು ಬಿಟ್ಟು ಕಣ್ಣೊರೆಸಿಕೊಂಡರು. ಯಾರೋ ಖುಷಿ ತಡೆಯಲಾರದೆ ಓಡಿಹೋಗಿ ಗುಡಿಯ ಗಂಟೆ ಬಾರಿಸಿದರು. ಹೊಳೆಯಾಚೆಯ ಜನ ಹಬ್ಬ ಎರಡನೇ ಸಲ ಶುರುವಾಯಿತೆಂದುಕೊಂಡರು.

ಎಲೆಯ ಮುಂದೆ ಕೂತ ಮೇಲೂ ಚೌರಪ್ಪನಿಗೆ ಅನುಮಾನ ಹೋಗಿರಲಿಲ್ಲ.

"ನನ್ನ ತ್ಯಾಗ ಅರ್ಧಕ್ಕೇ ನಿಂತಿತಲ್ಲ ಸ್ವಾಮಿ?"

ಸ್ವಾಮಿಗಳು ಬಗ್ಗಿ ಅವನ ಎಲೆಗೆ ಅನ್ನ ಬಡಿಸಿದರು.

"ಬಲಿಯಾಗಬೇಕಾದವನು ಬಲಿಯಾಗಿ, ಎದ್ದೂ ಆಯಿತು. ನೀನು ಊಟ ಮಾಡು."